ವರ್ಷಕ್ಕೆ ಮೂರೇ ಸಲ ಬರೆಯುವವರನ್ನೂ ತಪ್ಪಿಸಿಕೊಳ್ಳದೆ ಓದಲು: ವೆಬ್ ಫೀಡ್ ಬಳಸುವ ಬಗೆ

ಹಕ್ಕಿಗಳ ಬಗ್ಗೆ ಬರೆಯುವ ಒಂದು ಕನ್ನಡ ಬ್ಲಾಗ್ ನನಗೆ ಬಹಳ ಇಷ್ಟ. ಬರೆಯುವವರು ವರ್ಷಕ್ಕೆ ಮೂರು ಬರಹ ಹಾಕಿದರೆ ಹೆಚ್ಚು. ಮೊದಮೊದಲು ವಾರಕ್ಕೊಮ್ಮೆ ಹೋಗಿ ನೋಡುತ್ತಿದ್ದೆ, ಆಮೇಲೆ ತಿಂಗಳಿಗೊಮ್ಮೆ, ಆಮೇಲೆ ಮರೆತೇಬಿಟ್ಟೆ. ಒಂದು ದಿನ ಯಾಕೋ ನೆನಪಾಗಿ ತೆರೆದರೆ ಮಂಗಟ್ಟೆ ಹಕ್ಕಿಯ ಗೂಡಿನ ಮೇಲೆ ಸೊಗಸಾದ ಉದ್ದನೆಯ ಬರಹ. ಹಾಕಿ ಐದು ತಿಂಗಳಾಗಿತ್ತು. ಕೆಳಗೆ ಒಂದೂ ಪ್ರತಿಕ್ರಿಯೆ ಇರಲಿಲ್ಲ. ಅವರೇನೋ ಒಂದು ಸಾಮಾಜಿಕ ಜಾಲತಾಣದಲ್ಲಿ ಕೊಂಡಿ ಹಾಕಿದ್ದರಂತೆ. ನಾನು ಅಲ್ಲಿ ದಿನಾ ಇದ್ದವನೇ, ಆದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಅವತ್ತೇ ಬಿಟ್ಟುಹೋಗಿದ್ದ ಹಳೆಯ ಅಭ್ಯಾಸಕ್ಕೆ ಮರಳಿದೆ. ಅದು ವೆಬ್ ಫೀಡ್. ಆಮೇಲೆ ನನ್ನ ಸೋದರಮಾವನಿಗೂ ಹಚ್ಚಿಸಿದೆ. ಮಾವನ ಮನೆ ಶರಾವತಿ ಹಿನ್ನೀರಿನಾಚೆ, ತುಮರಿ ಕಡೆ. ಮನೆಯೊಳಗೆ ಸಿಗ್ನಲ್ ಇಲ್ಲ, ಗುಡ್ಡದ ಮೇಲಿನ ಗೇರುಮರದ ಬುಡಕ್ಕೆ ಹೋದರೆ ಉಂಟು. ಹಾಗಾಗಿ ಹೇಳಬೇಕಾದ್ದನ್ನೆಲ್ಲ ಅವರು ಗೇರುಮರದಡಿ ನಿಂತಾಗ ಫೋನಿನಲ್ಲೇ ಹೇಳಿಕೊಟ್ಟೆ. ಇಲ್ಲೂ ಹಾಗೇ ಬರೆದಿದ್ದೇನೆ. ವಿಳಾಸಗಳನ್ನು ಬಾಯಲ್ಲಿ ಹೇಳಿದಂತೆ ಕೊಟ್ಟಿದ್ದೇನೆ, ನೀವು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿಕೊಳ್ಳಿ.

ಫೀಡ್ ಎಂದರೆ ಏನು

ಹೆಚ್ಚಿನ ಬ್ಲಾಗುಗಳು, ಸುದ್ದಿತಾಣಗಳು ತಮ್ಮ ಹೊಸ ಬರಹಗಳ ಪಟ್ಟಿಯನ್ನು ಒಂದು ಕಡತದಲ್ಲಿ ಪ್ರತ್ಯೇಕವಾಗಿ ಇಟ್ಟಿರುತ್ತವೆ. ಬರಹದ ತಲೆಬರಹ, ಅದರ ಕೊಂಡಿ, ಹಾಕಿದ ದಿನಾಂಕ, ಜೊತೆಗೆ ಇಡೀ ಬರಹ ಅಥವಾ ಅದರ ಮೊದಲ ನಾಲ್ಕು ಸಾಲು, ಇಷ್ಟೇ ಅದರಲ್ಲಿರುವುದು. ಬಣ್ಣ, ಜಾಹೀರಾತು, ಪಕ್ಕದ ಪಟ್ಟಿ ಯಾವುದೂ ಇಲ್ಲ. ಈ ಕಡತವೇ ಫೀಡ್. ಫೀಡ್ ರೀಡರ್ ಎಂಬ ಆ್ಯಪ್‌ಗೆ ನಿಮಗೆ ಬೇಕಾದ ಫೀಡ್‌ಗಳ ವಿಳಾಸ ಕೊಟ್ಟರೆ, ಅದು ಆಗಾಗ ಒಂದೊಂದರ ಬಾಗಿಲಿಗೂ ಹೋಗಿ ‘ಹೊಸದೇನಾದರೂ ಇದೆಯಾ?’ ಎಂದು ಕೇಳಿಕೊಂಡು ಬರುತ್ತದೆ. ಹಿಂದಿನ ಸಲದಿಂದ ಏನೂ ಬದಲಾಗದಿದ್ದರೆ ಸರ್ವರ್ 304 ಎಂಬ ಸಂಕೇತ ಕೊಟ್ಟು ಕಳಿಸುತ್ತದೆ. ಏನೂ ಬದಲಾಗಿಲ್ಲ, ಹೋಗಿ ಬಾ ಎಂದರ್ಥ. ಡೇಟಾ ಖರ್ಚೂ ಇಲ್ಲದಷ್ಟೇ. ಹೊಸದಿದ್ದರೆ ತಂದು ನಿಮ್ಮ ಮುಂದಿಡುತ್ತದೆ.

ಇದರಲ್ಲಿ ನೀವು ಯಾರಿಗೂ ಇಮೇಲ್ ಕೊಡಬೇಕಿಲ್ಲ, ಮೊಬೈಲ್ ನಂಬರ್ ಕೊಡಬೇಕಿಲ್ಲ, ನೋಟಿಫಿಕೇಶನ್ ಕಳಿಸಲಾ ಎಂದು ಕೇಳಿದಾಗ ‘ಅಲೋ’ (ಅನುಮತಿಸು) ಒತ್ತಬೇಕಿಲ್ಲ. ಬೇಡವೆನಿಸಿದರೆ ಪಟ್ಟಿಯಿಂದ ಅಳಿಸಿದರಾಯಿತು. ಯಾವುದು ಮೇಲೆ, ಯಾವುದು ಕೆಳಗೆ ಎಂದು ತೀರ್ಮಾನಿಸುವ ಯಜಮಾನರೂ ನಡುವೆ ಇಲ್ಲ. ದಿನಾಂಕ ಹೇಗಿದೆಯೋ ಸಾಲು ಹಾಗೆ.

ಇದಕ್ಕೆ ಇನ್ನೊಂದು ಹೆಸರು ಆರ್‌ಎಸ್‌ಎಸ್. ಫೋನಿನಲ್ಲಿ ಆ ಹೆಸರು ಹೇಳಿದ್ದೇ ತಡ, ಮಾವ ‘ಈ ವಯಸ್ಸಲ್ಲಿ ನನ್ನನ್ನ ಶಾಖೆಗೆ ಸೇರಿಸ್ತೀಯೇನೋ ಮಾರಾಯ?’ ಎಂದು ನಕ್ಕರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ‘ರಿಯಲಿ ಸಿಂಪಲ್ ಸಿಂಡಿಕೇಶನ್’ ಎಂಬುದರ ಮೊದಲಕ್ಷರಗಳು ಇವು. ಇದರ ಮೊದಲ ರೂಪ ಹೊರಬಂದದ್ದು 1999ರ ಮಾರ್ಚ್‌ನಲ್ಲಿ, ನೆಟ್‌ಸ್ಕೇಪ್ ಕಂಪನಿಯಿಂದ. ಅದನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರು ಮದ್ರಾಸಿನ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ, ಇನ್ನೊಬ್ಬರು ಡ್ಯಾನ್ ಲಿಬಿ. ಆಟಮ್ ಎಂಬ ಇನ್ನೊಂದು ಬಗೆ 2005ರಲ್ಲಿ ಅಂತರಜಾಲದ ಅಧಿಕೃತ ಮಾನಕವಾಯಿತು. ಓದುಗರಿಗೆ ಇವೆರಡರ ನಡುವೆ ವ್ಯತ್ಯಾಸವೇನೂ ಕಾಣದು, ಎಲ್ಲ ರೀಡರ್‌ಗಳೂ ಎರಡನ್ನೂ ಓದುತ್ತವೆ.

ಮೊದಲ ಹೆಜ್ಜೆ: ಒಂದು ರೀಡರ್ ಹಾಕಿಕೊಳ್ಳಿ

ಇಲ್ಲೇ ಜನ ಹೆಚ್ಚು ಹೊತ್ತು ಕಳೆಯುತ್ತಾರೆ, ಹತ್ತು ಆ್ಯಪ್ ಹೋಲಿಸಿ ನೋಡಿ ಕೊನೆಗೆ ಯಾವುದನ್ನೂ ಹಾಕಿಕೊಳ್ಳುವುದಿಲ್ಲ. ಯಾವುದಾದರೂ ನಡೆಯುತ್ತದೆ. ಆಮೇಲೆ ಬದಲಾಯಿಸುವುದು ಐದು ನಿಮಿಷದ ಕೆಲಸ.

ಆಂಡ್ರಾಯ್ಡ್ ಫೋನಿಗೆ ನಾನು ಹೇಳುವುದು ‘ಫೀಡರ್’. ಉಚಿತ, ಮುಕ್ತ ತಂತ್ರಾಂಶ, ಖಾತೆ ತೆರೆಯುವ ಗೊಡವೆ ಇಲ್ಲ. ಪ್ಲೇ ಸ್ಟೋರಿನಲ್ಲೂ, ಮುಕ್ತ ತಂತ್ರಾಂಶಗಳ ಆ್ಯಪ್ ಅಂಗಡಿಯಾದ ಎಫ್-ಡ್ರಾಯ್ಡ್‌ನಲ್ಲೂ ಸಿಗುತ್ತದೆ. ಐಫೋನ್, ಮ್ಯಾಕ್ ಇದ್ದವರಿಗೆ ‘ನೆಟ್‌ನ್ಯೂಸ್‌ವೈರ್’. ಅದೂ ಉಚಿತ, ಜಾಹೀರಾತಿಲ್ಲ. ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್‌ನಲ್ಲಿ ಮೇಲ್ ನೋಡುವವರಾದರೆ ಬೇರೇನೂ ಬೇಡ, ಅದರಲ್ಲೇ ಫೀಡ್ ಖಾತೆ ಸೇರಿಸಿಕೊಳ್ಳಬಹುದು.

ಮನೆಯಲ್ಲಿ ಫೋನ್, ಆಫೀಸಿನಲ್ಲಿ ಕಂಪ್ಯೂಟರ್, ಎರಡರಲ್ಲೂ ಒಂದೇ ಪಟ್ಟಿ ಬೇಕು, ಇಲ್ಲಿ ಓದಿದ್ದು ಅಲ್ಲಿಯೂ ಓದಿದ್ದೆಂದೇ ತೋರಬೇಕು ಎನ್ನುವವರು ಫೀಡ್ಲಿ ಅಥವಾ ಇನೋರೀಡರ್‌ನಲ್ಲಿ ಖಾತೆ ತೆರೆಯಬೇಕು. ಉಚಿತ ಖಾತೆಗೆ ಇಷ್ಟೇ ಫೀಡ್ ಎಂಬ ಮಿತಿ ಇರುತ್ತದೆ, ಹೊಸಬರಿಗೆ ಅದು ಧಾರಾಳವಾಗಿ ಸಾಕು. ಒಂದು ಮಾತು ಮಾತ್ರ ನೆನಪಿರಲಿ: ಇಂಥ ಖಾತೆಗಳಲ್ಲಿ ನೀವು ಏನು ಓದುತ್ತೀರಿ ಎನ್ನುವುದು ಆ ಕಂಪನಿಗೆ ಗೊತ್ತಿರುತ್ತದೆ. ಫೋನಿನೊಳಗೇ ಇರುವ ಆ್ಯಪ್‌ಗಳಲ್ಲಿ ಆ ಮಾತಿಲ್ಲ.

ಎರಡನೆಯ ಹೆಜ್ಜೆ: ಫೀಡ್‌ನ ವಿಳಾಸ ಹುಡುಕುವುದು

ಮೊದಲು ಸುಲಭದ ದಾರಿ. ಇಷ್ಟದ ತಾಣವನ್ನು ಬ್ರೌಸರಿನಲ್ಲಿ ತೆರೆಯಿರಿ, ಮುಖಪುಟದ ವಿಳಾಸ ಕಾಪಿ ಮಾಡಿಕೊಳ್ಳಿ. ಫೀಡರ್‌ನಲ್ಲಿ ಮೂರು ಚುಕ್ಕಿಯ ಮೆನು ಒತ್ತಿ ‘ಆ್ಯಡ್ ಫೀಡ್’ಗೆ ಹೋಗಿ, ಅಲ್ಲಿ ಪೇಸ್ಟ್ ಮಾಡಿ ಹುಡುಕಿ. ಪುಟದೊಳಗೆ ಫೀಡ್ ಎಲ್ಲಿದೆಯೆಂದು ತಾಣವೇ ಗುಟ್ಟಾಗಿ ಬರೆದಿಟ್ಟಿರುತ್ತದೆ, ರೀಡರ್ ಅದನ್ನು ಪತ್ತೆಹಚ್ಚಿ ಕೆಳಗೆ ತೋರಿಸುತ್ತದೆ. ಒತ್ತಿ, ಹೆಸರು ಬೇಕಾದರೆ ಬದಲಿಸಿ, ಓಕೆ ಕೊಡಿ. ಹೆಚ್ಚಿನ ಸಲ ಕೆಲಸ ಇಷ್ಟಕ್ಕೇ ಮುಗಿಯುತ್ತದೆ. ಎರಡು ಫೀಡ್ ತೋರಿಸಿದರೆ ಒಂದು ಬರಹಗಳದ್ದು, ಇನ್ನೊಂದು ಪ್ರತಿಕ್ರಿಯೆಗಳದ್ದು ಇರುತ್ತದೆ. ಹೆಸರಿನಲ್ಲಿ ‘ಕಾಮೆಂಟ್ಸ್’ ಎಂದಿದ್ದರೆ ಅದನ್ನು ಬಿಡಿ.

ಹಾಗೆ ಸಿಗದಿದ್ದರೆ ವಿಳಾಸವನ್ನು ನೀವೇ ಕಟ್ಟಬೇಕು. ಕನ್ನಡದ ಬ್ಲಾಗುಗಳಲ್ಲಿ ದೊಡ್ಡ ಪಾಲು ಎರಡೇ ಜಾಗದಲ್ಲಿ ಇರುವುದರಿಂದ ಇದೂ ಕಷ್ಟವಲ್ಲ.

ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ತಾಣವಾದರೆ ಮುಖಪುಟದ ವಿಳಾಸದ ಕೊನೆಗೆ ಸ್ಲ್ಯಾಷ್ ಹಾಕಿ ‘ಫೀಡ್’ ಎಂದು ಬರೆಯಿರಿ: ಎಫ್, ಇ, ಇ, ಡಿ. ಅಷ್ಟೇ. ಹಲವರು ಬರೆಯುವ ಕೆಂಡಸಂಪಿಗೆ, ಹೊನಲಿನಂಥ ತಾಣಗಳಲ್ಲಿ ಎಲ್ಲ ವಿಷಯವೂ ನಿಮಗೆ ಬೇಕೆಂದಿಲ್ಲ. ವರ್ಡ್‌ಪ್ರೆಸ್ ಆಗಿದ್ದರೆ ನಿಮಗೆ ಬೇಕಾದ ವಿಭಾಗದ ಪುಟ ತೆರೆದು ಅದರ ವಿಳಾಸಕ್ಕೇ ಈ ಬಾಲ ಅಂಟಿಸಿ, ಆ ವಿಭಾಗದ ಬರಹ ಮಾತ್ರ ಬರುತ್ತದೆ. ಒಬ್ಬ ಲೇಖಕರ ಪುಟಕ್ಕೂ ಇದೇ ಉಪಾಯ.

ಬ್ಲಾಗ್‌ಸ್ಪಾಟ್ ಆದರೆ ಸ್ವಲ್ಪ ಉದ್ದ: ಸ್ಲ್ಯಾಷ್ ಫೀಡ್ಸ್, ಸ್ಲ್ಯಾಷ್ ಪೋಸ್ಟ್ಸ್, ಸ್ಲ್ಯಾಷ್ ಡೀಫಾಲ್ಟ್. ಮೊದಲಿನ ಎರಡಕ್ಕೂ ಕೊನೆಯಲ್ಲಿ ಎಸ್ ಇದೆ, ಮೂರನೆಯದಕ್ಕೆ ಇಲ್ಲ. ಮಾವ ಮೊದಲ ಸಲ ಒಂದು ಎಸ್ ನುಂಗಿದರು, ‘ಪುಟ ಇಲ್ಲ ಅಂತದೆ ಇದು’ ಎಂದು ಮೂರು ಸಲ ಗುಡ್ಡ ಹತ್ತಿ ಇಳಿದರು. ಒಂದೇ ಲೇಬಲ್‌ನ ಬರಹ ಸಾಕಾದರೆ ಡೀಫಾಲ್ಟ್ ಆದಮೇಲೆ ಸ್ಲ್ಯಾಷ್, ಅಡ್ಡಗೆರೆ, ಮತ್ತೆ ಸ್ಲ್ಯಾಷ್ ಹಾಕಿ ಲೇಬಲ್‌ನ ಹೆಸರು ಬರೆಯಬೇಕು.

ಇಲ್ಲಿ ಕನ್ನಡದವರಿಗೇ ಎದುರಾಗುವ ಒಂದು ಗಾಬರಿ ಇದೆ. ಲೇಬಲ್ ಅಥವಾ ವಿಭಾಗದ ಹೆಸರು ಕನ್ನಡದಲ್ಲಿದ್ದರೆ, ಬ್ರೌಸರಿನಲ್ಲಿ ಅದು ಚೆಂದವಾಗಿ ‘ಹಕ್ಕಿ’ ಎಂದೇ ಕಾಣುತ್ತದೆ. ಕಾಪಿ ಮಾಡಿ ರೀಡರಿಗೆ ಅಂಟಿಸಿದ ಕೂಡಲೇ ಶೇಕಡಾ ಚಿಹ್ನೆ, ಇ-ಸೊನ್ನೆ, ಮತ್ತೆ ಶೇಕಡಾ, ಬಿ-ಎರಡು ಎಂದು ಸಾಲುಗಟ್ಟಲೆ ಹರಿಯುತ್ತದೆ. ವಿಳಾಸ ಕೆಟ್ಟಿತು ಎಂದು ಅಳಿಸಬೇಡಿ. ವೆಬ್ ವಿಳಾಸಗಳಲ್ಲಿ ಕನ್ನಡದ ಪ್ರತಿ ಸಂಕೇತವೂ ಮೂರು ಬೈಟ್‌ಗಳಾಗಿ ಒಡೆಯುತ್ತದೆ, ಒಂದೊಂದು ಬೈಟ್ ಬರೆಯಲು ಮೂರು ಚಿಹ್ನೆ. ಅಂದರೆ ಬರೀ ‘ಹ’ ಅಕ್ಷರಕ್ಕೆ ಒಂಬತ್ತು ಚಿಹ್ನೆ. ‘ಹಕ್ಕಿ’ಯಲ್ಲಿ ಹ, ಕ, ಒತ್ತು ತರುವ ವಿರಾಮ, ಮತ್ತೊಂದು ಕ, ಇಕಾರದ ಗುಣಿತ ಸೇರಿ ಐದು ಸಂಕೇತ, ಹಾಗಾಗಿ ನಲವತ್ತೈದು ಚಿಹ್ನೆ. ನೋಡಲು ವಿಕಾರ, ಕೆಲಸ ಮಾತ್ರ ಸರಿಯಾಗಿಯೇ ಮಾಡುತ್ತದೆ.

ಫೀಡ್‌ನ ವಿಳಾಸವನ್ನು ಬ್ರೌಸರಿನಲ್ಲೇ ತೆರೆದು ನೋಡುವ ಕುತೂಹಲ ಬಂದರೆ, < > ಇಂಥ ಕೋನಾವರಣಗಳ ನಡುವೆ ಆ ತಾಣದ ಬರಹಗಳು ಸಿಕ್ಕಿಹಾಕಿಕೊಂಡಂತೆ ಕಾಣುತ್ತವೆ. ಅದೇ ಫೀಡ್, ಯಂತ್ರಕ್ಕೆ ಬರೆದದ್ದು. ಒಂದು ಕಾಲದಲ್ಲಿ ಬ್ರೌಸರ್‌ಗಳು ಇದನ್ನು ಮನುಷ್ಯರಿಗೂ ಓದುವಂತೆ ತೋರಿಸುತ್ತಿದ್ದವು. ಫೈರ್‌ಫಾಕ್ಸ್ 2018ರ ಡಿಸೆಂಬರ್‌ನಲ್ಲಿ ಆ ಸೌಲಭ್ಯ ತೆಗೆದುಹಾಕಿತು.

ಯಾವುದೂ ಒಗ್ಗದಿದ್ದರೆ ಕಂಪ್ಯೂಟರಿನಲ್ಲಿ ಪುಟ ತೆರೆದು ಕಂಟ್ರೋಲ್ ಮತ್ತು ಯು ಒಟ್ಟಿಗೆ ಒತ್ತಿ. ಪುಟದ ಮೂಲ ಕಾಣುತ್ತದೆ. ಅದರಲ್ಲಿ ಆರ್‌ಎಸ್‌ಎಸ್ ಅಥವಾ ಆಟಮ್ ಎಂಬ ಪದವನ್ನು ಇಂಗ್ಲಿಷಿನಲ್ಲಿ ಹುಡುಕಿ. ಸಿಕ್ಕ ಸಾಲಿನಲ್ಲಿರುವ ವಿಳಾಸವೇ ಬೇಕಾದದ್ದು. ಅಲ್ಲೂ ಇಲ್ಲವೆಂದರೆ ಬಹುಮಟ್ಟಿಗೆ ಆ ತಾಣಕ್ಕೆ ಫೀಡ್ ಇಲ್ಲ.

ಬ್ಲಾಗು ಬಿಟ್ಟು ಬೇರೆ ಎಲ್ಲಿ ಸಿಗುತ್ತದೆ

ಯೂಟ್ಯೂಬಿನ ಪ್ರತಿ ಚಾನೆಲ್‌ಗೂ ಫೀಡ್ ಇದೆ ಎಂಬುದು ಹಲವರಿಗೆ ತಿಳಿಯದು. ಚಾನೆಲ್‌ನ ವಿವರದ ಭಾಗಕ್ಕೆ ಹೋಗಿ ‘ಶೇರ್ ಚಾನೆಲ್’ ಒತ್ತಿದರೆ ‘ಕಾಪಿ ಚಾನೆಲ್ ಐಡಿ’ ಎಂದು ಬರುತ್ತದೆ. ಅದು ಯು-ಸಿ ಎಂದು ಶುರುವಾಗುವ 24 ಅಕ್ಷರಗಳ ಸಂಕೇತ. ಯೂಟ್ಯೂಬ್ ಡಾಟ್ ಕಾಮ್ ಆದಮೇಲೆ ಸ್ಲ್ಯಾಷ್ ಫೀಡ್ಸ್, ಸ್ಲ್ಯಾಷ್ ವಿಡಿಯೋಸ್ ಡಾಟ್ ಎಕ್ಸ್‌ಎಂಎಲ್, ಪ್ರಶ್ನಾರ್ಥಕ ಚಿಹ್ನೆ, ಚಾನೆಲ್ ಅಂಡರ್‌ಸ್ಕೋರ್ ಐಡಿ, ಸಮ ಚಿಹ್ನೆ, ಕೊನೆಗೆ ಆ ಸಂಕೇತ. ಇತ್ತೀಚಿನ 15 ವಿಡಿಯೋ ಬರುತ್ತವೆ. ಇಷ್ಟೆಲ್ಲ ಮಾಡುವ ಮೊದಲು ಚಾನೆಲ್‌ನ ಸಾದಾ ವಿಳಾಸವನ್ನೇ ರೀಡರಿಗೆ ಕೊಟ್ಟು ನೋಡಿ, ಹಲವು ರೀಡರ್‌ಗಳು ತಾವೇ ಹುಡುಕಿಕೊಳ್ಳುತ್ತವೆ. ಮಾವ ಎರಡು ಯಕ್ಷಗಾನದ ಚಾನೆಲ್ ಹೀಗೆ ಹಾಕಿಕೊಂಡಿದ್ದಾರೆ. ಯೂಟ್ಯೂಬ್ ತೆರೆದರೆ ಪ್ರಸಂಗ ನೋಡಲು ಹೋದವರು ಅಡುಗೆ, ಕ್ರಿಕೆಟ್, ಜ್ಯೋತಿಷ್ಯ ಎಲ್ಲ ಸುತ್ತಿ ಬರುತ್ತಿದ್ದರಂತೆ. ಈಗ ಹೊಸ ಆಟ ಬಂದಾಗ ಅದರ ಕೊಂಡಿ ಮಾತ್ರ ಎದುರಿಗೆ ಬರುತ್ತದೆ.

ಸಬ್‌ಸ್ಟ್ಯಾಕ್‌ನ ಸುದ್ದಿಪತ್ರಗಳಿಗೂ ಕೊನೆಗೆ ‘ಫೀಡ್’ ಎಂದರೆ ಸಾಕು. ಪಾಡ್‌ಕಾಸ್ಟ್ ಎನ್ನುವುದೇ ಧ್ವನಿಯ ಕಡತ ಕಟ್ಟಿಕೊಂಡ ಫೀಡ್.

ಕನ್ನಡ ವಿಕಿಪೀಡಿಯದಲ್ಲಿ ಒಂದು ಒಳ್ಳೆಯ ಬಳಕೆ ಇದೆ. ನಿಮ್ಮ ಊರಿನ ಪುಟ ತೆರೆದು ಅದರ ಇತಿಹಾಸದ ಭಾಗಕ್ಕೆ ಹೋದರೆ ಉಪಕರಣಗಳ ಪಟ್ಟಿಯಲ್ಲಿ ‘ಆಟಮ್’ ಎಂಬ ಕೊಂಡಿ ಇರುತ್ತದೆ. ಅದನ್ನು ಸೇರಿಸಿಕೊಂಡರೆ ಯಾರಾದರೂ ಆ ಪುಟ ತಿದ್ದಿದಾಗ ಏನು ತೆಗೆದರು, ಏನು ಸೇರಿಸಿದರು ಎಂದು ನಿಮಗೆ ಕಾಣುತ್ತದೆ. ಊರಿನ ಪುಟದಲ್ಲಿ ಯಾರೋ ಬೇಕಾಬಿಟ್ಟಿ ಬರೆದುಹೋಗುವುದು ಹೊಸದೇನಲ್ಲವಲ್ಲ.

ಅಡಿಕೆ ಬೆಳೆಗಾರರಿಗೆ ನನ್ನ ಸಲಹೆ ಗೂಗಲ್ ಅಲರ್ಟ್ಸ್. ‘ಎಲೆಚುಕ್ಕಿ ರೋಗ’ ಎಂದು ಕನ್ನಡದಲ್ಲೇ ಬರೆದು, ಆಯ್ಕೆಗಳನ್ನು ತೆರೆದು, ಎಲ್ಲಿಗೆ ಕಳಿಸಬೇಕು ಎಂಬಲ್ಲಿ ಇಮೇಲ್ ಬದಲು ‘ಆರ್‌ಎಸ್‌ಎಸ್ ಫೀಡ್’ ಆರಿಸಿ. ಆ ವಿಷಯ ವೆಬ್‌ನಲ್ಲಿ ಹೊಸದಾಗಿ ಎಲ್ಲಿ ಕಂಡರೂ ಬರುತ್ತದೆ. ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕುವುದು ಮರೆಯಬೇಡಿ, ಇಲ್ಲದಿದ್ದರೆ ಎಲೆ, ಚುಕ್ಕಿ, ರೋಗ ಎಲ್ಲ ಬೇರೆಬೇರೆಯಾಗಿ ಬಂದು ತಲೆ ತಿನ್ನುತ್ತವೆ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಚಾನೆಲ್‌ಗಳಿಗೆ ಫೀಡ್ ಇಲ್ಲ. ಹೊರಗಿನ ಸೇವೆಗಳ ಮೂಲಕ ಮಾಡುವ ಉಪಾಯಗಳು ಇವೆ, ಇವತ್ತು ನಡೆದದ್ದು ನಾಳೆ ನಿಲ್ಲುತ್ತದೆ. ಅದರ ಬೆನ್ನು ಹತ್ತಬೇಡಿ.

ಮೂರನೆಯ ಹೆಜ್ಜೆ: ಏನು ಹಾಕಬೇಕು, ಏನು ಹಾಕಬಾರದು

ಫೀಡ್ ಶುರುಮಾಡಿದ ಹತ್ತರಲ್ಲಿ ಎಂಟು ಜನ ಎರಡು ತಿಂಗಳಲ್ಲಿ ಬಿಡುವುದನ್ನು ನನ್ನ ಸುತ್ತಮುತ್ತಲೇ ನೋಡಿದ್ದೇನೆ. ಕಾರಣ ಒಂದೇ: ಮೊದಲ ದಿನವೇ ದಿನಪತ್ರಿಕೆಗಳ ಫೀಡ್ ಹಾಕಿಕೊಳ್ಳುತ್ತಾರೆ. ಒಂದು ಪತ್ರಿಕೆ ದಿನಕ್ಕೆ ಇನ್ನೂರು ಸುದ್ದಿ ಸುರಿದರೆ, ವಾರ ಬಿಟ್ಟು ತೆರೆದಾಗ ಓದದೆ ಉಳಿದದ್ದು ಸಾವಿರದ ನಾನೂರು. ಆ ಅಂಕಿ ನೋಡಿಯೇ ಆ್ಯಪ್ ತೆರೆಯಲು ಮನಸ್ಸು ಬಾರದು. ವರ್ಷಕ್ಕೆ ಮೂರು ಬರೆಯುವ ಹಕ್ಕಿಯ ಬ್ಲಾಗು ಅದರ ಅಡಿಯಲ್ಲಿ ಹೂತುಹೋಗುತ್ತದೆ. ನಾವು ಹೊರಟಿದ್ದೇ ಅದನ್ನು ಹಿಡಿಯಲು.

ಪತ್ರಿಕೆಗೆ ಫೀಡ್ ಬೇಕಿಲ್ಲ. ಅದು ದಿನಾ ಇರುತ್ತದೆಂದು ನಿಮಗೆ ಗೊತ್ತು, ಬೇಕಾದಾಗ ಹೋಗಿ ನೋಡುತ್ತೀರಿ. ಯಾವಾಗ ಬರೆಯುತ್ತಾರೋ ತಿಳಿಯದವರಿಗೆ ಫೀಡ್ ಬೇಕು. ನನ್ನ ಅಳತೆಗೋಲು ಹೀಗಿದೆ: ದಿನಕ್ಕೆ ಒಂದಕ್ಕಿಂತ ಹೆಚ್ಚು ಹಾಕುವ ತಾಣವನ್ನು ಸೇರಿಸುವುದಿಲ್ಲ. ಸೇರಿಸಲೇಬೇಕೆಂದರೆ ಅದರ ಒಂದು ವಿಭಾಗ ಅಥವಾ ಒಬ್ಬ ಅಂಕಣಕಾರರ ಪುಟವನ್ನು ಮಾತ್ರ.

ಹತ್ತು ತಾಣಗಳಿಂದ ಶುರುಮಾಡಿ. ವಾರದಲ್ಲಿ ಒಂದೆರಡು ಸೇರುತ್ತಾ ಹೋಗುತ್ತವೆ. ಮೂರು ಸಲ ಸತತವಾಗಿ ತಲೆಬರಹ ನೋಡಿ ದಾಟಿಸಿದ ಫೀಡ್ ತೆಗೆದುಹಾಕಿ, ಬರೆದವರಿಗೆ ಗೊತ್ತಾಗುವುದಿಲ್ಲ, ಬೇಸರವೂ ಇಲ್ಲ. ಪ್ರವಾಸ ಮುಗಿಸಿ ಬಂದಾಗ ರಾಶಿ ಬಿದ್ದಿದ್ದರೆ ‘ಮಾರ್ಕ್ ಆಲ್ ಆ್ಯಸ್ ರೆಡ್’ ಒತ್ತಿಬಿಡಿ. ಇದು ಬ್ಯಾಂಕಿನ ಸಾಲವಲ್ಲ, ಓದದಿದ್ದರೆ ಬಡ್ಡಿ ಬೆಳೆಯದು.

ನೋಟಿಫಿಕೇಶನ್ ಆಫ್ ಮಾಡಿ. ಫೀಡರ್‌ನಲ್ಲಿ ಒಂದೊಂದು ಫೀಡ್‌ಗೂ ಬೇರೆಬೇರೆಯಾಗಿ ಅದನ್ನು ಇಡಬಹುದು, ನಾನು ಹಕ್ಕಿಯ ಬ್ಲಾಗಿಗೆ ಮಾತ್ರ ಇಟ್ಟಿದ್ದೇನೆ. ಎಷ್ಟು ಹೊತ್ತಿಗೊಮ್ಮೆ ಹುಡುಕಬೇಕು ಎಂಬುದನ್ನು ದಿನಕ್ಕೊಮ್ಮೆ ಎಂದಿಟ್ಟರೆ ಸಾಕು, ಬ್ಯಾಟರಿಯೂ ಉಳಿಯುತ್ತದೆ.

ಸಿಗ್ನಲ್ ಇಲ್ಲದ ಮನೆಯಲ್ಲಿ

ಮಾವನಿಗೆ ಫೀಡ್ ಹಿಡಿಸಿದ್ದು ಈ ಒಂದು ಗುಣಕ್ಕೆ. ಫೀಡ್‌ನಲ್ಲಿ ಇಡೀ ಬರಹ ಇದ್ದರೆ ಅದು ಫೋನಿಗೇ ಇಳಿದು ಕೂರುತ್ತದೆ. ನಾಲ್ಕು ಸಾಲು ಕೊಟ್ಟು ‘ಮುಂದೆ ಓದಿ’ ಎನ್ನುವ ತಾಣಗಳಿಗೆ ಬೇರೆ ಮದ್ದು ಬೇಕು: ಫೀಡರ್‌ನಲ್ಲಿ ಆ ಫೀಡ್‌ನ ಎಡಿಟ್ ಪುಟಕ್ಕೆ ಹೋಗಿ, ಪೂರ್ಣ ಬರಹವನ್ನು ತಾನಾಗಿ ತಂದಿಡುವ ‘ಫುಲ್ ಆರ್ಟಿಕಲ್’ ಆಯ್ಕೆ ಆನ್ ಮಾಡಿ. ಸಂಜೆ ದನ ಹೊಡೆದುಕೊಂಡು ಬರುವಾಗ ಮಾವ ಗೇರುಮರದ ಹತ್ತಿರ ಎರಡು ನಿಮಿಷ ನಿಂತು ತೆರೆಯನ್ನು ಮೇಲಿಂದ ಕೆಳಕ್ಕೆ ಎಳೆಯುತ್ತಾರೆ, ಚಕ್ರ ತಿರುಗಿ ನಿಲ್ಲುತ್ತದೆ, ಫೋನ್ ಜೇಬಿಗೆ. ಊಟವಾದ ಮೇಲೆ ಜಗಲಿಯಲ್ಲಿ ಕೂತು ಓದುತ್ತಾರೆ. ಚಿತ್ರಗಳು ಕೆಲವೊಮ್ಮೆ ಬಂದಿರುವುದಿಲ್ಲ, ಬರಹ ಪೂರ್ತಿ ಇರುತ್ತದೆ. ನಡುವೆ ಬರುವ ಕೊಂಡಿಗಳನ್ನು ಒತ್ತಲಾಗದು. ‘ಅದೇ ಒಳ್ಳೇದು, ಹಿಡಿದದ್ದು ಮುಗೀತದೆ’ ಎನ್ನುತ್ತಾರೆ.

ಪಟ್ಟಿ ಕಳೆದುಹೋಗದಂತೆ

ಗೂಗಲ್ ರೀಡರ್ ಎಂಬ ಸೇವೆ 2005ರಲ್ಲಿ ಬಂತು, ಆ ಕಾಲದ ಬ್ಲಾಗು ಓದುಗರಲ್ಲಿ ಬಹುಪಾಲು ಜನ ಅದರಲ್ಲೇ ಇದ್ದರು. 2013ರ ಜುಲೈ 1ರಂದು ಅದನ್ನು ಮುಚ್ಚಲಾಯಿತು. ನಾನು ಫೀಡ್ ಬಿಟ್ಟದ್ದೂ ಆಗಲೇ. ನೂರಾರು ತಾಣಗಳ ಪಟ್ಟಿ ಇತ್ತು, ಇಳಿಸಿಕೊಳ್ಳಿ ಎಂದು ಮೂರೂವರೆ ತಿಂಗಳು ಮೊದಲೇ ಹೇಳಿದ್ದರು, ನಾಳೆ ನೋಡೋಣ ಎಂದೇ ಕಳೆದೆ. ತಪ್ಪು ನನ್ನದೇ.

ನೀವು ಹಾಗೆ ಮಾಡಬೇಡಿ. ಎಲ್ಲ ರೀಡರ್‌ಗಳಲ್ಲೂ ‘ಎಕ್ಸ್‌ಪೋರ್ಟ್ ಒಪಿಎಂಎಲ್’ ಎಂಬ ಆಯ್ಕೆ ಇರುತ್ತದೆ. ಒತ್ತಿದರೆ ನಿಮ್ಮ ಫೀಡ್‌ಗಳ ಪಟ್ಟಿ ಒಂದು ಸಣ್ಣ ಕಡತವಾಗಿ ಇಳಿಯುತ್ತದೆ. ಅದನ್ನು ನಿಮಗೇ ಮೇಲ್ ಮಾಡಿಕೊಳ್ಳಿ. ಫೋನ್ ಹಾಳಾದರೆ, ಆ್ಯಪ್ ಬದಲಾಯಿಸಬೇಕೆನಿಸಿದರೆ, ಹೊಸದರಲ್ಲಿ ‘ಇಂಪೋರ್ಟ್’ ಕೊಟ್ಟರೆ ಎಲ್ಲವೂ ಅಲ್ಲಿರುತ್ತವೆ. ಗೆಳೆಯರಿಗೆ ಕಳಿಸಿದರೆ ನಿಮ್ಮ ಓದಿನ ಪಟ್ಟಿಯನ್ನೇ ಕೊಟ್ಟ ಹಾಗೆ. ಮಾವನಿಗೆ ಮೊದಲ ಹತ್ತು ತಾಣ ಹೋದದ್ದು ಹಾಗೆಯೇ, ವಾಟ್ಸ್ಆ್ಯಪ್‌ನಲ್ಲಿ ಕಡತವಾಗಿ. ವಿಳಾಸ ಒತ್ತುವ ಪಾಠ ಶುರುವಾದದ್ದು ಹನ್ನೊಂದನೆಯದರಿಂದ.

ಫೀಡ್ ನಿಂತುಹೋದರೆ

ಎಂಟು ತಿಂಗಳಿಂದ ಏನೂ ಬಂದಿಲ್ಲವೆಂದರೆ ಬರೆಯುವವರು ಸುಮ್ಮನಿರಬಹುದು, ವಿಳಾಸ ಬದಲಾಗಿರಲೂಬಹುದು. ತಾಣಕ್ಕೇ ಹೋಗಿ ಒಮ್ಮೆ ನೋಡಿ. ಬ್ಲಾಗ್‌ಸ್ಪಾಟ್‌ನಿಂದ ಸ್ವಂತ ಹೆಸರಿನ ತಾಣಕ್ಕೆ ಮನೆ ಬದಲಿಸಿದ ಕನ್ನಡ ಬರಹಗಾರರು ಬಹಳ ಮಂದಿ, ಹಳೆಯ ಫೀಡ್ ಕೊನೆಯ ಬರಹ ಹಿಡಿದುಕೊಂಡು ಅಲ್ಲೇ ನಿಂತಿರುತ್ತದೆ. ಹಾಗೆಯೇ, ಒಂದು ಕಾಲದಲ್ಲಿ ಫೀಡ್‌ಬರ್ನರ್ ಎಂಬ ಸೇವೆಯ ಮೂಲಕ ಇಮೇಲ್‌ಗೆ ಬರುತ್ತಿದ್ದ ಬ್ಲಾಗುಗಳು ನಿಮಗೆ 2021ರ ನಡುವಿನಿಂದ ಬರುತ್ತಿಲ್ಲವಾದರೆ, ಆ ಇಮೇಲ್ ಸೇವೆಯೇ ಆಗ ನಿಂತಿತು. ಬರೆಯುವವರು ಬರೆಯುತ್ತಲೇ ಇರಬಹುದು, ಹೋಗಿ ಫೀಡ್ ಸೇರಿಸಿಕೊಳ್ಳಿ.

ಕೊನೆಗೆ ಬ್ಲಾಗು ಬರೆಯುವವರಿಗೆ ಒಂದು ಕೋರಿಕೆ. ವರ್ಡ್‌ಪ್ರೆಸ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ‘ರೀಡಿಂಗ್’ ತೆರೆಯಿರಿ, ಫೀಡ್‌ನಲ್ಲಿ ‘ಫುಲ್ ಟೆಕ್ಸ್ಟ್’ ಆರಿಸಿ. ಬ್ಲಾಗ್‌ಸ್ಪಾಟ್‌ನಲ್ಲಿ ‘ಸೈಟ್ ಫೀಡ್’ ಎಂಬಲ್ಲಿ ‘ಫುಲ್’ ಎಂದಿಡಿ. ಗೇರುಮರದಡಿ ಎರಡು ನಿಮಿಷ ಮಾತ್ರ ನಿಲ್ಲುವ ಓದುಗರೂ ಇದ್ದಾರೆ.